ನೀಲಿ ಕದಲಲಿಲ್ಲ

ಬೆಳಗಿನ ಕಾಫಿಗೂ ಮುಂಚೆ ಅಕ್ಕನ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿ ನೋಡುವುದು ಬದರಿನಾಥನ ಮನೆಯಲ್ಲಿ ಹತ್ತು ವರ್ಷ ನಡೆದ ನಿತ್ಯಕರ್ಮ. ಜಯನಗರ ಏಳನೇ ಬ್ಲಾಕಿನ ಆ ಪುಟ್ಟ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಒಂದು ಸ್ಪಿರಿಟ್ ದೀಪ, ಒಂದು ಟೆಸ್ಟ್ ಟ್ಯೂಬು, ಅದನ್ನು ಹಿಡಿಯಲು ಮರದ ಇಕ್ಕಳ. ಐದು ಎಂ.ಎಲ್. ನೀಲಿ ದ್ರಾವಣ, ಎಂಟು ಹನಿ ಮೂತ್ರ, ಎರಡು ನಿಮಿಷದ ಕುದಿತ. ನೀಲಿ ಹಾಗೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ. ಇಟ್ಟಿಗೆ ಕೆಂಪಾದ ದಿನ ಮನೆಯಲ್ಲಿ ಮಾತು ಕಡಿಮೆ.

ಅಕ್ಕ ಸೀತಾಲಕ್ಷ್ಮಿ ಬಾಗಿಲಲ್ಲಿ ನಿಂತು ಬಣ್ಣ ನೋಡುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಟ್ರಂಕ್ ಕಾಲ್ ಜೋಡಿಸಿ ನಿವೃತ್ತಳಾದವಳು. ಅವಳ ಸಂಬಳದಲ್ಲಿ ಎಂ.ಎಸ್ಸಿ. ಮುಗಿಸಿ ಬದರಿನಾಥ ಊರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆದ. ತಮ್ಮನ ಮದುವೆ ಮೊದಲಾಗಲಿ ಎಂದು ಅವಳು ಕಾದಳು, ಅಕ್ಕನದು ಮೊದಲಾಗಲಿ ಎಂದು ಇವನು ಕಾದ. ಕಾಯುತ್ತ ಇಬ್ಬರದೂ ಆಗಲಿಲ್ಲ. ಆ ಬಗ್ಗೆ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

ಆಮೇಲೆ ಗ್ಲೂಕೋಮೀಟರ್ ಬಂತು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತಾಗಿಸಿದರೆ ಸಂಖ್ಯೆ ಮೂಡುತ್ತದೆ. ಸ್ಪಿರಿಟ್ ದೀಪ ಅಟ್ಟಕ್ಕೆ ಹೋಯಿತು. ಆದರೆ ಆ ನೀಲಿಯ ಮೇಲಿನ ನಂಬಿಕೆ ಅಟ್ಟಕ್ಕೆ ಹೋಗಲಿಲ್ಲ. ಸಕ್ಕರೆ ಇದೆಯೋ ಇಲ್ಲವೋ ಎನ್ನುವುದಕ್ಕೆ ಆ ಮನೆಯಲ್ಲಿ ಅದೇ ಕೊನೆಯ ಮಾತು.

ಎರಡು ಸಾವಿರದ ಐದರ ಜೂನ್ ಹೊತ್ತಿಗೆ ಅಕ್ಕನ ಎಡಗಣ್ಣು ಹೋಗಿಯಾಗಿತ್ತು. ಬಲಗಣ್ಣಿನ ಒಳಪದರದಲ್ಲೂ ರಕ್ತನಾಳಗಳು ಕೆಟ್ಟು ಜಿನುಗುತ್ತಿವೆ ಎಂದರು ಕಣ್ಣಿನ ಡಾಕ್ಟರು.

"ಆಪರೇಷನ್ ಮಾಡಿದ್ರೆ ಉಳಿಯೋ ಚಾನ್ಸ್ ಇದೆ. ಆದ್ರೆ ಮುನ್ನೂರ ಹತ್ತು ಶುಗರ್ ಇಟ್ಕೊಂಡು ನಾನು ಕೈ ಹಾಕಲ್ಲ. ಊಟ ಆದ ಎರಡು ಗಂಟೆಗೆ ಇನ್ನೂರರ ಒಳಗೆ ಬರ್ಬೇಕು. ಒಂದು ವಾರ ಹಾಗೇ ನಿಲ್ಲಿಸಿ ಕರ್ಕೊಂಡ್ಬನ್ನಿ. ಇನ್ಸುಲಿನ್ ಶುರು ಮಾಡ್ಸಿ, ಬೇಗ ಆಗುತ್ತೆ."

ಅಕ್ಕ ತಮ್ಮಂದಿರ ತಾಯಿ ಕೊನೆಯ ದಿನಗಳಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡೇ ಹೋದವರು. ಅಕ್ಕನ ಮುಖ ಬಿಳಿಚಿತು. ಬದರಿನಾಥ ಅದನ್ನು ನೋಡಿ, "ಮೂರು ತಿಂಗಳು ಟೈಮ್ ಕೊಡಿ ಡಾಕ್ಟ್ರೇ, ಪಥ್ಯದಲ್ಲೇ ಇಳಿಸಿ ತೋರಿಸ್ತೀನಿ" ಎಂದ. ಅಕ್ಕನ ಮೇಲಿನ ಕರುಣೆಯಷ್ಟೇ ಅಲ್ಲ, ವಿಜ್ಞಾನ ಓದಿದವನ ಹಮ್ಮೂ ಆ ಮಾತಿನಲ್ಲಿತ್ತು. ಡಾಕ್ಟರು ಭುಜ ಕುಣಿಸಿ, "ಅಷ್ಟರಲ್ಲಿ ಒಳಗೆ ರಕ್ತನಾಳ ಒಡೆದ್ರೆ ನನ್ನ ಕೇಳ್ಬೇಡಿ" ಎಂದರು.

ಆಟೋದಲ್ಲಿ ಅಕ್ಕ ಹೇಳಿದಳು: "ನಂಗೆ ಊರೆಲ್ಲಾ ನೋಡೋದು ಬೇಡ ಕಣೋ. ಪದಬಂಧದ ಚೌಕ ಕಂಡ್ರೆ ಸಾಕು."

ಪತ್ರಿಕೆಯ ಪದಬಂಧ ತುಂಬುವುದು ಅವಳ ಬೆಳಗಿನ ಕೆಲಸ. ಭೂತಗನ್ನಡಿ ಹಿಡಿದು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಪೆನ್ಸಿಲಿನಲ್ಲಿ ಒಂದೊಂದೇ ಅಕ್ಷರ. ಸಿಕ್ಕದ ಪದವನ್ನು ತಮ್ಮನನ್ನು ಕೇಳುತ್ತಿರಲಿಲ್ಲ. ಅವನು ಹೇಳಿಬಿಟ್ಟರೆ, "ಹೋಗೋ, ನಿನ್ನ ಯಾರು ಕೇಳಿದ್ರು" ಎಂದು ರೇಗುತ್ತಿದ್ದಳು.

ಬದರಿನಾಥ ನಾಲ್ಕನೇ ಬ್ಲಾಕಿನ ಸೈಬರ್ ಕೆಫೆಯಲ್ಲಿ ಮೂರು ಸಂಜೆ ಕೂತು ಲೋ ಕಾರ್ಬ್ ಪಥ್ಯದ ಬಗ್ಗೆ ನಲವತ್ತು ಪುಟ ಪ್ರಿಂಟ್ ತೆಗೆಸಿದ. ಅನ್ನ ಹೋಯಿತು, ರಾಗಿ, ಅವಲಕ್ಕಿ, ಬಾಳೆಹಣ್ಣು ಹೋದವು. ಸೊಪ್ಪು, ಹುರುಳಿಕಾಯಿ, ಮಜ್ಜಿಗೆ, ಪನೀರು, ತೆಂಗಿನಕಾಯಿ ಉಳಿದವು. ಎಲ್ಲವನ್ನೂ ಅವನೇ ತೂಗಿ ಬೇಯಿಸುತ್ತಿದ್ದ. ರೂಲು ಎಳೆದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ತಿಂದದ್ದು, ಬಲಕ್ಕೆ ಸಂಖ್ಯೆ. ಮೊದಲ ವಾರ ಇನ್ನೂರ ಎಪ್ಪತ್ತು. ಎರಡನೆಯ ವಾರ ಇನ್ನೂರ ಇಪ್ಪತ್ತನಾಲ್ಕು. ಆಷಾಢ ಮುಗಿಯುವಾಗ ನೂರ ತೊಂಬತ್ತಾರು.

ಆ ಸಂಖ್ಯೆಯನ್ನು ಅವನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅಕ್ಕನಿಗೆ ತೋರಿಸಿದ. ಅವಳು ನೋಡಲೂ ಇಲ್ಲ.

"ಅನ್ನ ಬಿಟ್ಟೆ, ಬಿಡು. ಮೊಸರನ್ನ ಮರೆತೆ. ಆದ್ರೆ ಈ ನಾಲಿಗೆ ಇದ್ಯಲ್ಲ, ಒಣಗಿದ ಚರ್ಮ ಆಗೋಗಿದೆ. ದಿನಕ್ಕೊಂದು ಚೂರು ಸಿಹಿ ಕೊಡು ಬದರಿ. ಒಂದೇ ಚೂರು. ಮಿಕ್ಕಿದ್ದು ನೀನು ಹೇಳಿದ ಹಾಗೆ. ಬೇರೆ ಏನನ್ನೂ ಮುಟ್ಟಲ್ಲ. ಅಮ್ಮನ ಆಣೆ."

ಅಕ್ಕ ಅವನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಪ್ರಿಂಟ್ ತೆಗೆಸಿದ ಕಾಗದಗಳಲ್ಲೇ ಉತ್ತರವಿತ್ತು. ಸಕ್ಕರೆಯ ರುಚಿಯಿದ್ದೂ ಸಕ್ಕರೆಯಲ್ಲದ ಕೆಲವು ವಸ್ತುಗಳಿವೆ. ಹೆಸರು ಶುಗರ್ ಆಲ್ಕೋಹಾಲ್. ಸಾರಾಯಿಗೂ ಅದಕ್ಕೂ ಸಂಬಂಧವಿಲ್ಲ. ಇವು ದೇಹಕ್ಕೆ ಹತ್ತುವುದಿಲ್ಲ, ಪಥ್ಯದ ಲೆಕ್ಕದಲ್ಲಿ ಕಳೆದುಬಿಡಿ ಎಂದು ಆ ಪುಟ ಹೇಳುತ್ತಿತ್ತು. ಬನಶಂಕರಿ ಎರಡನೇ ಹಂತದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿ ರಾಮಪ್ರಸಾದನಲ್ಲಿ ವಿಚಾರಿಸಿದ.

"ಮಾಲ್ಟಿಟಾಲ್ ಇದೆ ಸಾರ್. ಬಾಂಬೆ ಮಾಲು. ಶುಗರ್ ಪೇಷೆಂಟ್ಸ್‌ಗೆ ಅಂತ ನಾವೂ ಇದರಲ್ಲೇ ಬರ್ಫಿ ಮಾಡ್ಸಿ ಮಾರ್ತೀವಿ. ಸಖತ್ ಮೂವಿಂಗ್ ಐಟಂ. ಒಂದೇ ಒಂದು ಕಂಪ್ಲೇಂಟು ಸಾರ್, ಜಾಸ್ತಿ ತಿಂದ್ರೆ ಹೊಟ್ಟೆ ಗುಡುಗುಡು ಅನ್ನುತ್ತೆ."

"ಅನ್ನಲೇಬೇಕಲ್ಲಪ್ಪ. ಸಣ್ಣಕರುಳಲ್ಲಿ ಹೀರ್ಕೊಳ್ಳದೆ ಮುಂದೆ ಹೋದ್ರೆ ತಾನೆ ಗುಡುಗುಡು? ರಕ್ತಕ್ಕೆ ಸೇರಲ್ಲ ಅನ್ನೋದಕ್ಕೆ ಅದೇ ಪ್ರೂಫು."

"ನೀವು ಹೇಳಿದ್ಮೇಲೆ ಮುಗೀತು ಸಾರ್. ಇನ್ಮೇಲೆ ಗಿರಾಕಿಗಳಿಗೂ ಇದನ್ನೇ ಹೇಳ್ತೀನಿ" ಎಂದು ರಾಮಪ್ರಸಾದ ನಕ್ಕ.

ಆದರೂ ಬದರಿನಾಥ ಬಾಯಿಮಾತು ನಂಬುವವನಲ್ಲ. ಅಟ್ಟದಿಂದ ಸ್ಪಿರಿಟ್ ದೀಪ ಇಳಿಸಿದ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ, ಐದು ಎಂ.ಎಲ್. ಬೆನೆಡಿಕ್ಟಿಗೆ ಎಂಟು ಹನಿ ಹಾಕಿ, ಗಡಿಯಾರ ನೋಡಿಕೊಂಡು ಎರಡು ನಿಮಿಷ ಕುದಿಸಿದ. ಇನ್ನೂ ಎರಡು ನಿಮಿಷ ಕುದಿಸಿದ. ನೀಲಿ ಕದಲಲಿಲ್ಲ.

"ಬಾ ಅಕ್ಕ, ನೋಡು."

ಅವಳು ಟ್ಯೂಬನ್ನು ಬಲಗಣ್ಣಿನ ಹತ್ತಿರ ತಂದು ಬೆಳಕಿಗೆ ಹಿಡಿದಳು. "ಆಹಾ, ಕೃಷ್ಣನ ಮೈಬಣ್ಣ ಕಣೋ!" ಎಂದಳು. ಅಂದು ಸಾರಕ್ಕಿ ಮಾರ್ಕೆಟ್ಟಿನಿಂದ ಬಲಿತ ತೆಂಗಿನಕಾಯಿ ತಂದು, ಅಮ್ಮನ ಅಳತೆಯಲ್ಲಿ, ಸಕ್ಕರೆಯ ಜಾಗಕ್ಕೆ ಆ ಪುಡಿ ಹಾಕಿ, ಬದರಿನಾಥ ಕೊಬ್ಬರಿ ಮಿಠಾಯಿ ಮಾಡಿದ. ಮೊದಲ ಚೂರು ಬಾಯಲ್ಲಿಟ್ಟುಕೊಂಡು ಅಕ್ಕ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದಳು. ಬರೀ ಸೊಪ್ಪು ತಿಂದು ಸವೆದ ಮುಖ ಅವಳದು. ಒಂದು ಚೂರು ಸಾಕೆಂದವಳಿಗೆ ಅವನೇ ಹಗಲೂಟಕ್ಕೆ ಎರಡು, ರಾತ್ರಿಯೂಟಕ್ಕೆ ಎರಡು ಎಂದು ಗೊತ್ತುಮಾಡಿದ.

ಅದೇ ವಾರ ಶ್ರಾವಣ ಹುಟ್ಟಿತು.

ಡಾಕ್ಟರು ಕೇಳಿದ ಒಂದು ವಾರ ಸಂಖ್ಯೆ ಇನ್ನೂರರ ಒಳಗೆ ನಿಲ್ಲಲಿಲ್ಲ. ಹತ್ತನೆಯ ದಿನ ಇನ್ನೂರ ಮೂವತ್ತೊಂದು. ಮತ್ತೆ ಕೈ ತೊಳೆಸಿ, ಇನ್ನೊಂದು ಬೆರಳು ಚುಚ್ಚಿದ. ಇನ್ನೂರ ಮೂವತ್ತೆಂಟು. ನೋಟ್‌ಬುಕ್ ತೆರೆದು ಒಂದೊಂದೇ ಸಾಲು ತಡವಿದ. ಹುರುಳಿಕಾಯಿ, ಮಜ್ಜಿಗೆ, ಪನೀರು, ಕೊಬ್ಬರಿ ಮಿಠಾಯಿ. ಮಿಠಾಯಿಯ ಎದುರು ಪರೀಕ್ಷೆಯ ಫಲಿತಾಂಶ ಬರೆದೇ ಇತ್ತು. ಅಲ್ಲಿ ತಪ್ಪಿಲ್ಲ. ಹಾಗಾದರೆ ನೋಟ್‌ಬುಕ್ಕಿನಲ್ಲಿ ಇಲ್ಲದ್ದು ಯಾವುದೋ ಅವಳ ಹೊಟ್ಟೆ ಸೇರುತ್ತಿರಬೇಕು.

ಶ್ರಾವಣದಲ್ಲಿ ಅದಕ್ಕೇನು ಕೊರತೆ? ಎಡಮನೆಯಲ್ಲಿ ಮಂಗಳಗೌರಿ, ಬಲಮನೆಯಲ್ಲಿ ಶನಿವಾರದ ಸಜ್ಜಪ್ಪ. ಎದುರುಮನೆಯ ಕಾತ್ಯಾಯಿನಿಯಂತೂ ರಸ್ತೆ ದಾಟಿ ಬಂದು ಕಾಂಪೌಂಡಿನ ಮೇಲಿಂದಲೇ ಡಬ್ಬಿ ದಾಟಿಸುವವಳು.

"ಅಕ್ಕ, ಯಾರ ಮನೇಲಾದ್ರೂ ಏನಾದ್ರೂ ತಿಂದ್ಯಾ?"

"ಇಲ್ಲಪ್ಪ."

"ಪ್ರಸಾದ ಅಂತ ಒಂಚೂರು?"

"ಕಣ್ಣಿಗೊತ್ಕೊಂಡು ಹಾಗೇ ಇಟ್ಟೆ. ಆಣೆ ಇಟ್ಟಿದೀನಲ್ಲೋ."

ಅವನು ನಂಬಿದಂತೆ ತಲೆಯಾಡಿಸಿ, ಅವಳು ಹೂ ಕಟ್ಟಲು ಕೂತಾಗ ಅಕ್ಕಿ ಡಬ್ಬಿಯ ಒಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ತನ್ನ ಸಹಿ ಹಾಕಿದ. ಪ್ರಯೋಗ ಅಂದಮೇಲೆ ಎಲ್ಲ ದಾರಿಗಳನ್ನೂ ಮುಚ್ಚಬೇಕು. ಕದ್ದು ತಿನ್ನುವ ಆಸೆಯೇ ಹುಟ್ಟದಿರಲಿ ಎಂದು, ಮಿಠಾಯಿಯನ್ನು ನಾಲ್ಕರಿಂದ ಆರಕ್ಕೆ ಏರಿಸಿದ.

ಸಂಖ್ಯೆ ಇನ್ನೂರ ಅರವತ್ತಾಯಿತು.

ವರಮಹಾಲಕ್ಷ್ಮಿಯ ಸಂಜೆ ಕಾತ್ಯಾಯಿನಿಯ ಮನೆಗೆ ಅರಿಶಿನ ಕುಂಕುಮಕ್ಕೆ ಅಕ್ಕ ಹೋಗಿದ್ದಳು. ಅವಳನ್ನು ಕೈಹಿಡಿದು ರಸ್ತೆ ದಾಟಿಸಲೆಂದು ಬದರಿನಾಥ ಅಲ್ಲಿಗೆ ಹೋದಾಗ ಏಳೆಂಟು ಹೆಂಗಸರು ವೆರಾಂಡದಲ್ಲಿ ನಿಂತು ಮಾತಾಡುತ್ತಿದ್ದರು. ಅಕ್ಕನ ಚೀಲ ಉಬ್ಬಿತ್ತು.

"ಏನದು, ತೋರಿಸು."

"ತಾಂಬೂಲ ಕಣೋ. ಮನೆಗೆ ಹೋಗಿ ನೋಡ್ಕೋ."

ಅವನು ಅಲ್ಲೇ ಚೀಲಕ್ಕೆ ಕೈ ಹಾಕಿದ. ತೆಂಗಿನಕಾಯಿ, ವೀಳ್ಯದೆಲೆ, ಬ್ಲೌಸ್ ಪೀಸಿನ ಕೆಳಗೆ, ಎಣ್ಣೆ ಹತ್ತಿದ ಪೇಪರಿನ ಪೊಟ್ಟಣದಲ್ಲಿ ಎರಡು ಒಬ್ಬಟ್ಟು.

"ಅದು ನಿಮಗೆ ಅಂತ ಕಟ್ಟಿಕೊಟ್ಟಿದ್ದು ಅಣ್ಣ" ಎಂದಳು ಕಾತ್ಯಾಯಿನಿ. "ಸೀತಕ್ಕ ಒಂದು ಚೂರೂ ಮುಟ್ಟಲಿಲ್ಲ. ಬದರಿಗೆ ಒಬ್ಬಟ್ಟು ಅಂದ್ರೆ ಪ್ರಾಣ ಅಂತ ಅವರೇ ಕೇಳಿ ಇಸ್ಕೊಂಡ್ರು."

"ನೀವು ಸುಮ್ನಿರಿ ಮೇಡಂ. ನಿಮ್ಮಂಥೋರು ಹೀಗೆ ಮುಚ್ಚಿಡೋದ್ರಿಂದಾನೇ ಈಗ ಇವಳ ಕಣ್ಣು ಹೋಗ್ತಿರೋದು."

ಅಕ್ಕ ಚಪ್ಪಲಿ ಹುಡುಕಲು ಕಾಲಾಡಿಸುತ್ತಿದ್ದಳು. ಯಾರೋ ಬಗ್ಗಿ ಅವಳ ಪಾದದ ಹತ್ತಿರ ಸರಿಸಿದರು.

ಮನೆಗೆ ಬಂದು ಬದರಿನಾಥ ತಟ್ಟೆ ಇಡಲಿಲ್ಲ. "ನೀನು ನಿಜ ಹೇಳೋವರೆಗೂ ನಾನು ಊಟ ಮಾಡಲ್ಲ" ಎಂದ. ಅಲ್ಸರ್ ಇದ್ದ ಮನುಷ್ಯ. ಮಾರನೆಯ ದಿನವೂ ಕಾಫಿ, ತಿಂಡಿ ಮುಟ್ಟದೆ ಕಾಲೇಜಿಗೆ ಹೋಗಿ ಬಂದ. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತವನ ಉಸಿರಿನ ಸದ್ದನ್ನು ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು.

"ತಿಂದೆ ಕಣೋ" ಎಂದಳು.

ಅವನು ತಲೆ ಎತ್ತಿದ.

"ಏನು ತಿಂದೆ?"

"ಒಬ್ಬಟ್ಟು. ಅವತ್ತು ಸಜ್ಜಪ್ಪ. ನೀನು ಕಾಲೇಜಿಗೆ ಹೋದಾಗ ಒಂದೊಂದ್ಸಲ ಡಬ್ಬಿಯಿಂದ ಬೆಲ್ಲ. ನಾಲಿಗೆ ಕೇಳ್ಲಿಲ್ಲ. ಇನ್ನು ತಿನ್ನಲ್ಲ. ಈಗ ಎದ್ದು ಊಟ ಮಾಡು, ಹುಳಿ ಬಿಸಿಯಾಗಿದೆ."

ಬದರಿನಾಥನಿಗೆ ಸಿಟ್ಟು ಬರಲಿಲ್ಲ. ಬಿಡಿಸಲಾಗದ ಸಮೀಕರಣ ಕೊನೆಗೂ ಸರಿದೂಗಿದಾಗಿನ ನೆಮ್ಮದಿ ಬಂತು. ಎರಡು ಸಲ ಹುಳಿಯನ್ನ ಬಡಿಸಿಕೊಂಡು ತಿಂದ. ನೋಟ್‌ಬುಕ್ಕಿನಲ್ಲಿ 'ಕಾರಣ ತಿಳಿಯಿತು' ಎಂದು ಬರೆದ. ಬೆಲ್ಲದ ಡಬ್ಬಿಯ ಹತ್ತಿರ ಹೋಗಿ ಪ್ಲಾಸ್ಟರ್ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಉತ್ತರ ಸಿಕ್ಕಮೇಲೆ ಮತ್ತೆ ಲೆಕ್ಕ ನೋಡುವವರು ಯಾರು?

ಅಂದಿನಿಂದ ಮಿಠಾಯಿ ದಿನಕ್ಕೆ ಎಂಟಾಯಿತು. "ಇದನ್ನೆಷ್ಟು ಬೇಕಾದ್ರೂ ತಿನ್ನು, ಬೇರೆ ಕಡೆ ಕೈ ಚಾಚ್ಬೇಡ" ಎಂದ. ಹೊಟ್ಟೆ ಗುಡುಗುಟ್ಟುತ್ತದೆ, ಬಚ್ಚಲಿಗೆ ಓಡಾಡಿ ಸಾಕಾಯಿತು ಎಂದು ಅವಳು ಒಮ್ಮೆ ಅಂದಳು. ಅದು ಒಳ್ಳೆಯ ಲಕ್ಷಣವೆಂದು ಅವನು ವಿವರಿಸಿ ಹೇಳಿದ. ಅವಳು ಕೊಟ್ಟಷ್ಟನ್ನೂ ತಿಂದಳು. ಸಂಖ್ಯೆ ಮುನ್ನೂರು ದಾಟಿದ ದಿನ ಅವನು ಏನೂ ಕೇಳಲಿಲ್ಲ, ನೋಟ್‌ಬುಕ್ ಸದ್ದಾಗುವಂತೆ ಮುಚ್ಚಿದ. ಅವಳು ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ಒಳಗೆ ಹೋದಳು.

ಗಣೇಶನ ಹಬ್ಬ ಕಳೆದ ನಾಲ್ಕನೆಯ ಬೆಳಿಗ್ಗೆ ಅಕ್ಕ ಕೂಗಿದಳು. "ಬದರಿ, ಪೇಪರ್ ಮೇಲೆ ಯಾರೋ ಮಸಿ ಚೆಲ್ಲಿದಾರೆ ನೋಡೋ."

ಪೇಪರ್ ಸ್ವಚ್ಛವಾಗಿತ್ತು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ಯಂತ್ರದಲ್ಲಿ ನೋಡಿದರು. ಒಳಗೆ ರಕ್ತನಾಳ ಒಡೆದು ಪದರ ಕಿತ್ತು ಬಂದಿತ್ತು. ಹತ್ತು ದಿನ ಬಿಟ್ಟು ಮತ್ತೆ ನೋಡಿ, ಇನ್ನು ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂದರು. ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ತಿರುವಿ, "ಇಷ್ಟು ಚೆನ್ನಾಗಿ ಬರೆದಿಟ್ಟಿದೀರಿ" ಎಂದಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು.

ಅಕ್ಕ ಅಳಲಿಲ್ಲ. ಮಿಠಾಯಿ ತಟ್ಟೆಯನ್ನು ಮಾತ್ರ ದೂರ ಸರಿಸಿದಳು. "ಬೇಡ ಕಣೋ. ನಾಲಿಗೆಗೆ ರುಚಿ ಹೋಯ್ತು." ಸೊಪ್ಪು, ಮಜ್ಜಿಗೆ ಎಂದಿನಂತೆ ನಡೆಯಿತು. ರೂಢಿಯ ಬಲದಿಂದ ಅವನು ಬೆರಳು ಚುಚ್ಚುತ್ತಲೇ ಇದ್ದ. ಇನ್ನೂರ ಇಪ್ಪತ್ತು. ನೂರ ಎಂಬತ್ತೈದು. ನೂರ ಅರವತ್ತೆರಡು. ಕಣ್ಣು ಕಾಣದ್ದರಿಂದ ಕದಿಯಲು ಆಗುತ್ತಿಲ್ಲ, ಅದಕ್ಕೇ ಇಳಿಯುತ್ತಿದೆ ಎಂದು ಅವನ ಮನಸ್ಸು ಹೇಳಿತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಅದನ್ನು ನಂಬಿದ.

ಅಕ್ಟೋಬರಿನ ಒಂದು ಮಂಗಳವಾರ ಮೊದಲ ವರ್ಷದ ಬಿ.ಎಸ್ಸಿ.ಗೆ ಪ್ರಾಕ್ಟಿಕಲ್. ಅಡುಗೆ ಸಕ್ಕರೆಯ ದ್ರಾವಣವನ್ನು ಬೆನೆಡಿಕ್ಟಿನಲ್ಲಿ ಕುದಿಸಿದ ಹುಡುಗಿಯೊಬ್ಬಳು ನೀಲಿ ಟ್ಯೂಬು ಹಿಡಿದು ಬಂದಳು. "ಸಾರ್, ಬಣ್ಣ ಚೇಂಜ್ ಆಗಲಿಲ್ಲ. ಶುಗರ್ ಇಲ್ಲ ಅಂತ ಬರೀಲಾ?"

ಪ್ರತಿವರ್ಷದ ಪ್ರಶ್ನೆ. ಪ್ರತಿವರ್ಷದ ಉತ್ತರ ಅವನ ಬಾಯಿಂದ ತಾನಾಗಿಯೇ ಹೊರಟಿತು. "ಬರೀಬಾರದಮ್ಮ. ಎರಡು ಸಕ್ಕರೆ ಕೈ ಕೈ ಹಿಡ್ಕೊಂಡು ಕೂತಿರುತ್ವೆ, ಅದಕ್ಕೆ ಈ ಟೆಸ್ಟಿಗೆ ಸಿಕ್ಕಲ್ಲ. ಮೊದಲು ಆಸಿಡ್ ಹಾಕಿ ಕುದಿಸಿ ಬಿಡಿಸ್ಬೇಕು. ನಮ್ಮ ಹೊಟ್ಟೆ ಒಳಗೆ ಆಗೋದೂ ಇದೇ..."

ಹುಡುಗಿಯ ಕೈಯಲ್ಲಿದ್ದ ನೀಲಿ ಟ್ಯೂಬನ್ನೇ ನೋಡುತ್ತ ಅವನು ಮೇಜಿಗೆ ಒರಗಿದ.

ಅಟೆಂಡರ್ ಸಿದ್ದಲಿಂಗಯ್ಯ ಸ್ಟೂಲು ತಂದು ಹಿಂದೆ ಇಟ್ಟ. "ಯಾಕ್ಸಾರ್, ತಲೆ ಸುತ್ತು ಬಂತಾ? ಕೂತ್ಕೊಳಿ."

"ಸಿದ್ದಲಿಂಗಯ್ಯ, ನಾನು ಇದನ್ನ ಎಷ್ಟು ವರ್ಷದಿಂದ ಹೇಳ್ಕೊಡ್ತಿದೀನಿ?"

"ನಾನು ಸೇರ್ದಾಗಿಂದ್ಲೂ ಇದೇ ಹೇಳ್ತಿದೀರಿ. ನಂಗೇ ಬಾಯಿಪಾಠ ಆಗೋಗಿದೆ ಸಾರ್."

ಮನೆಗೆ ಹೋದವನು ಮೊದಲು ಬೆಲ್ಲದ ಡಬ್ಬಿ ತೆಗೆದ. ಪ್ಲಾಸ್ಟರಿನ ಅಂಚಿಗೆ ದೂಳು ಕೂತಿತ್ತು. ಅವನ ಸಹಿ ಅಡ್ಡಡ್ಡ, ಎಲ್ಲೂ ಬಿರುಕು ಬಿಡದೆ, ಹಾಕಿದ ಹಾಗೇ ಇತ್ತು. ಅಕ್ಕಿ ಡಬ್ಬಿಯ ಗೆರೆ ಈಗ ಏನನ್ನೂ ಹೇಳುತ್ತಿರಲಿಲ್ಲ. ತನಗೆ ಬೇಕಾದ ಅನ್ನಕ್ಕೆ ಅವನೇ ಅದರಿಂದ ಅಕ್ಕಿ ತೆಗೆಯುತ್ತಿದ್ದ.

ಕಾಲೇಜಿನಿಂದ ತಂದ ಆಸಿಡ್ಡಿನಲ್ಲಿ ಆ ಬಿಳಿ ಪುಡಿಯನ್ನು ಕುದಿಸಿದ. ನೊರೆ ನಿಲ್ಲುವವರೆಗೆ ಸೋಡಾ ಸೇರಿಸಿದ. ಆಮೇಲೆ ಬೆನೆಡಿಕ್ಟ್. ಅರ್ಧ ನಿಮಿಷ ನೀಲಿ, ಆಮೇಲೆ ಹಸಿರು, ಹಳದಿ. ಎರಡು ನಿಮಿಷವಾಗುವಷ್ಟರಲ್ಲಿ ಇಟ್ಟಿಗೆ ಕೆಂಪು. ಆ ಪುಡಿಯ ಪ್ರತಿಯೊಂದು ಕಣದಲ್ಲೂ ಅರ್ಧಭಾಗ ಗ್ಲೂಕೋಸು. ಅದನ್ನೇ ಅವನು ದಿನಕ್ಕೆ ನಾಲ್ಕು, ಆರು, ಎಂಟು ಚೂರು ಮಾಡಿ ಬಡಿಸಿದ್ದ.

ಅಕ್ಕ ಕಿಟಕಿಯ ಹತ್ತಿರ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಆ ಕೆಲಸಕ್ಕೆ ಕಣ್ಣು ಬೇಕಿಲ್ಲ.

"ಏನೋ ವಾಸನೆ? ಮತ್ತೆ ದೀಪ ಹಚ್ಚಿದ್ಯಾ?"

"ಹೂಂ."

"ಏನು ಬಣ್ಣ ಬಂತು?"

ಅವನು ಟ್ಯೂಬನ್ನು ಅವಳ ಮುಖದ ಮುಂದೆ ಹಿಡಿದೇ ಇದ್ದ. ಅವಳ ಕಣ್ಣು ಅದನ್ನು ದಾಟಿ ಎಲ್ಲೋ ನೋಡುತ್ತಿತ್ತು.

"ಕೆಂಪು. ಮಿಠಾಯಿಗೆ ಹಾಕಿದ ಪುಡಿ. ಅದರಿಂದಾನೇ ಏರಿದ್ದು ಅಕ್ಕ. ನಾನು ಅರ್ಧ ಟೆಸ್ಟ್ ಮಾಡಿ ಬಿಟ್ಟೆ. ನೀನು ಏನನ್ನೂ ತಿಂದಿರಲಿಲ್ಲ."

ಅವಳ ಬೆರಳುಗಳು ಹತ್ತಿಯ ಮೇಲೆ ನಿಂತವು.

"ಇಲ್ಲ, ತಿಂದಿರಲಿಲ್ಲ" ಎಂದಳು.

"ಮತ್ತೆ ತಿಂದೆ ಅಂತ ಯಾಕೆ ಹೇಳ್ದೆ? ಅವತ್ತು ನೀನು ಹಾಗೆ ಹೇಳದೇ ಇದ್ದಿದ್ರೆ ನಾನು ಹುಡುಕ್ತಿದ್ದೆ. ಹುಡುಕೇ ಹುಡುಕ್ತಿದ್ದೆ."

"ನೀನು ಎರಡು ಹೊತ್ತು ಊಟ ಬಿಟ್ಟಿದ್ದೆ. ಆ ಹೊಟ್ಟೆ ಇಟ್ಕೊಂಡು." ಸ್ವಲ್ಪ ತಡೆದು, "ನನಗೇನು ಗೊತ್ತು ಬದರಿ? ನೀನು ಅಷ್ಟು ಓದಿದೋನು. ನಿದ್ದೆಗಣ್ಣಲ್ಲಿ ಎದ್ದು ಹೋಗಿ ತಿಂತಿದೀನೇನೋ ಅಂತ ಒಂದೊಂದ್ಸಲ ನಂಗೇ ಅನ್ನಿಸೋದು" ಎಂದಳು.

ಟ್ಯೂಬು ಕೈಯಲ್ಲೇ ತಣ್ಣಗಾಯಿತು, ಕೆಂಪು ಗಸಿ ಮೆಲ್ಲಗೆ ತಳಕ್ಕಿಳಿಯತೊಡಗಿತು.

ಊಟವಾಗಿ ಎರಡು ಗಂಟೆ ಕಳೆದದ್ದು ಗಡಿಯಾರ ನೋಡದೆಯೂ ಅಕ್ಕನಿಗೆ ತಿಳಿಯುತ್ತಿತ್ತು. ಮಡಿಲಿನ ಹತ್ತಿ ಕೆಳಗಿಟ್ಟು, ಎಡಗೈಯ ಉಂಗುರಬೆರಳನ್ನು ಸೆರಗಿನಲ್ಲಿ ಒರೆಸಿ, ಎಂದಿನಂತೆ ಅವನಿದ್ದ ಕಡೆಗೆ ಚಾಚಿದಳು. ಅವನು ಟ್ಯೂಬನ್ನು ಕಿಟಕಿಯಲ್ಲಿಟ್ಟು ಮೀಟರು ತಂದ. ಚುಚ್ಚಿದ. ಮೀಟರು ಸದ್ದು ಮಾಡಿತು.

"ಎಷ್ಟು?"

"ನೂರ ಮೂವತ್ತನಾಲ್ಕು."

"ಒಳ್ಳೇದೇ ಅಲ್ವೇನೋ?"

"ಒಳ್ಳೇದು ಅಕ್ಕ."

"ಇಷ್ಟಿದ್ದಿದ್ರೆ ಆಪರೇಷನ್ ಮಾಡ್ತಿದ್ರಾ ಅವರು?"

"ಮಾಡ್ತಿದ್ರು."

ಅವಳು ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡಳು. "ಬರ್ಕೋ ಮತ್ತೆ" ಎಂದು ಹತ್ತಿಗಾಗಿ ನೆಲ ತಡವಿದಳು. ಬದರಿನಾಥ ನೋಟ್‌ಬುಕ್ ತೆರೆದು, ರೂಲು ಎಳೆದ ಕಡೆ, ಬಲಕ್ಕೆ ಬರೆದುಕೊಂಡ.